ಜೇಬಿನ ಚೀಟಿ ಊರ ನೋಟಿಸ್ ಬೋರ್ಡ್ ಅಲ್ಲ

ಎಲ್ಲಾದರೂ ಅಪಘಾತವಾದರೆ ಅರ್ಧ ಗಂಟೆಯೊಳಗೆ ನನ್ನ ಫೋನಿಗೆ ಫೋಟೊಗಳು ಬಂದಿರುತ್ತವೆ. ಬಿದ್ದವರ ಮುಖ, ಬೈಕಿನ ನಂಬರ್ ಅಷ್ಟೇ ಅಲ್ಲ, ಈಗೀಗ ಜೇಬಿನಲ್ಲಿ ಸಿಕ್ಕ ಆಧಾರ್ ಮತ್ತು ಆಸ್ಪತ್ರೆ ಚೀಟಿ ಕೂಡ. ‘ಮನೆಯವರಿಗೆ ತಲುಪುವವರೆಗೂ ಶೇರ್ ಮಾಡಿ’ ಎಂಬ ಒಕ್ಕಣೆ ಬೇರೆ. ಕಳಿಸುವವರು ಕೆಟ್ಟವರಲ್ಲ, ಒಪ್ಪುತ್ತೇನೆ. ಆದರೆ ಮನೆಯವರ ನಂಬರ್ ಎಷ್ಟೋ ಸಲ ಅದೇ ಚೀಟಿಯಲ್ಲಿರುತ್ತದೆ. ಒಂದು ಫೋನ್ ಮಾಡಿದರೆ ಮುಗಿಯುವ ಕೆಲಸಕ್ಕೆ ಐದು ಗ್ರೂಪು ಯಾಕೆ ಬೇಕು?

ಹೀಗೆ ಹರಿದಾಡಿದ ಚೀಟಿಯೊಂದರಲ್ಲಿ ಫಿಟ್ಸ್ ಮಾತ್ರೆಯ ಹೆಸರಿತ್ತು. ಹುಡುಗಿಯ ಕಾಲಿನ ಗಾಯ ತಿಂಗಳಲ್ಲಿ ವಾಸಿಯಾಯಿತು. ಗೊತ್ತಾಗಿದ್ದ ಸಂಬಂಧ ಮಾತ್ರ ಮುರಿಯಿತು. ಮೂರ್ಛೆರೋಗ ಬಹಳ ಜನರಿಗೆ ಮಾತ್ರೆಯಲ್ಲೇ ಹತೋಟಿಗೆ ಬರುತ್ತದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯಾಗಿದ್ದ ಆ ಕಾಯಿಲೆಯ ಹೆಸರನ್ನು 1999ರಲ್ಲೇ ತೆಗೆದುಹಾಕಲಾಗಿದೆ. ಕಾನೂನು ಮರೆತಿದ್ದನ್ನು ನಮ್ಮ ವಾಟ್ಸಾಪ್ ಗ್ರೂಪುಗಳು ನೆನಪಿಟ್ಟುಕೊಂಡಿವೆ.

‘ಹಾಗಾದರೆ ಚೀಟಿಯೇ ಬೇಡ’ ಎನ್ನುವವರಿದ್ದಾರೆ. ಅದು ಇನ್ನೂ ದೊಡ್ಡ ತಪ್ಪು. ಇನ್ಸುಲಿನ್ ತೆಗೆದುಕೊಳ್ಳುವ ಅಜ್ಜ ಸಕ್ಕರೆ ಅಂಶ ಇಳಿದು ತೊದಲುತ್ತಾ ಬಸ್‌ಸ್ಟ್ಯಾಂಡಲ್ಲಿ ಬಿದ್ದರೆ, ಕುಡಿದಿದ್ದಾನೆ ಎಂದುಕೊಂಡು ಜನ ದಾಟಿ ಹೋಗುತ್ತಾರೆ. ಚೀಟಿ ಅವನ ಪ್ರಾಣ ಉಳಿಸಬಹುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ, ಪೆನ್ಸಿಲಿನ್ ಒಗ್ಗದವರಿಗೆ, ಎದೆಯಲ್ಲಿ ಪೇಸ್‌ಮೇಕರ್ ಇರುವವರಿಗೂ ಚೀಟಿ ಬೇಕೇ ಬೇಕು.

ನನ್ನ ಜಗಳ ಅದರಲ್ಲಿ ತುಂಬಿಸುವ ಉಳಿದ ಸಾಮಾನಿನ ಮೇಲೆ. ಶಿಬಿರಗಳಲ್ಲಿ ಕೊಡುವ ಕೆಲವು ಕಾರ್ಡು ನೋಡಿ: ಆಧಾರ್, ಜಾತಿ, ಪೂರ್ತಿ ವಿಳಾಸ, ಹಳೇ ಆಪರೇಷನ್ನುಗಳು, ಜೊತೆಗೆ ಪ್ರಾಯೋಜಕರ ದೊಡ್ಡ ಫೋಟೊ. ಆಧಾರ್‌ನ 12 ಅಂಕಿಗಳಿಂದ ಯಾವ ರಕ್ತಸ್ರಾವವೂ ನಿಲ್ಲುವುದಿಲ್ಲ. ಬೈಕಿನ ಹಿಂದೆ ಬರೆಸುವ ರಕ್ತದ ಗುಂಪನ್ನೂ ಆಸ್ಪತ್ರೆಯವರು ನಂಬಿ ಕೂರುವುದಿಲ್ಲ, ರಕ್ತ ಕೊಡುವ ಮುಂಚೆ ಮತ್ತೆ ಪರೀಕ್ಷೆ ಮಾಡುತ್ತಾರೆ.

ಮೊದಲ ಒಂದು ಗಂಟೆಯಲ್ಲಿ ವೈದ್ಯರಿಗೆ ಬೇಕಾದ್ದು ಸ್ವಲ್ಪವೇ. ಹೆಸರು, ವಯಸ್ಸು, ಒಗ್ಗದ ಔಷಧಿ, ಈಗ ನುಂಗುತ್ತಿರುವ ಮಾತ್ರೆ, ಚಿಕಿತ್ಸೆಯನ್ನೇ ಬದಲಿಸಬಲ್ಲ ಕಾಯಿಲೆ, ಮನೆಯವರ ಒಂದು ನಂಬರ್. ಇದನ್ನು ಮಡಚಿ ಸಣ್ಣ ಕವರಿನಲ್ಲಿಟ್ಟು, ಮೇಲೆ ‘ತುರ್ತು ಚಿಕಿತ್ಸೆಗೆ, ವೈದ್ಯರು ತೆರೆಯಬೇಕು’ ಎಂದು ಬರೆಯಿರಿ. ಫೋನಿನ ಲಾಕ್ ಸ್ಕ್ರೀನಿನಲ್ಲೂ ತುರ್ತು ಮಾಹಿತಿ ಹಾಕಬಹುದು, ಆದರೆ ಅದನ್ನು ಪಾಸ್‌ವರ್ಡ್ ಇಲ್ಲದೆ ಯಾರು ಬೇಕಾದರೂ ಓದಬಹುದು. ಅಲ್ಲಿ ಅಲರ್ಜಿ ಮತ್ತು ಒಂದು ನಂಬರ್ ಸಾಕು. ಹೆಣ್ಣುಮಕ್ಕಳು ತಮ್ಮ ನಂಬರ್ ಬದಲು ಅಣ್ಣನದೋ ಅಮ್ಮನದೋ ಹಾಕಲಿ. ಚೀಟಿ ಕಳೆದು ಯಾರದೋ ಕೈಗೆ ಸಿಕ್ಕಮೇಲೆ ಬರುವ ಮಿಸ್ಡ್ ಕಾಲುಗಳ ಬಗ್ಗೆ ಹೇಳಬೇಕಾಗಿಲ್ಲ.

ಎಚ್‌ಐವಿ, ಮಾನಸಿಕ ಚಿಕಿತ್ಸೆ, ಗರ್ಭಪಾತ, ಇವು ರಸ್ತೆ ಬದಿಯಲ್ಲಿ ತೆರೆದುಕೊಳ್ಳುವ ಚೀಟಿಗೆ ಬೇಡ. ರೋಗಿಯೋ ಮನೆಯವರೋ ವೈದ್ಯರಿಗೆ ನೇರವಾಗಿ ಹೇಳಲಿ. ನಂಬಿಕೆಯ ಮೇಲೆ ತಿಳಿದ ಎಚ್‌ಐವಿ ವಿಷಯವನ್ನು ಲಿಖಿತ ಒಪ್ಪಿಗೆಯಿಲ್ಲದೆ ಹೊರಗೆಡಹುವುದನ್ನು 2017ರ ಕಾಯ್ದೆ ತಡೆಯುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದೂ ಅದೇ ವರ್ಷ. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ‘ಬಡವರಿಗೆಲ್ಲಿಯ ಗುಟ್ಟು’ ಎಂದು ನಗುವ ಶಿಬಿರದ ಸಾಹೇಬರು ತಮ್ಮ ಶುಗರ್ ರಿಪೋರ್ಟನ್ನು ಪಂಚಾಯಿತಿ ಗೋಡೆಗೆ ಅಂಟಿಸಿದ್ದು ನಾನಂತೂ ನೋಡಿಲ್ಲ.

ರಸ್ತೆಯಲ್ಲಿ ಯಾರದಾದರೂ ಚೀಟಿ ಸಿಕ್ಕರೆ 108ರ ಸಿಬ್ಬಂದಿಯ ಕೈಗೆ ಕೊಡಿ, ಅದರಲ್ಲಿರುವ ನಂಬರಿಗೆ ಫೋನ್ ಮಾಡಿ. ಕ್ಯಾಮೆರಾ ಒಳಗಿರಲಿ. ಗ್ರೂಪ್ ಅಡ್ಮಿನ್‌ಗಳೇ, ಅಂಥ ಫೋಟೊ ಬಂದರೆ ತಕ್ಷಣ ಡಿಲೀಟ್ ಮಾಡಿ. ಶಿಬಿರ ನಡೆಸುವವರೇ, ಮುಂದಿನ ಸಲ ಕಾರ್ಡು ಅಚ್ಚು ಹಾಕಿಸುವಾಗ ಆಧಾರ್ ಮತ್ತು ಜಾತಿಯ ಕಾಲಂ ತೆಗೆಯಿರಿ. ನಿಮ್ಮ ಫೋಟೊ ಬೇಕಾದರೆ ಇರಲಿ.