ನಮ್ಮವನು ಹೌದು, ಕೆಲಸ ಬಲ್ಲವನಾ?

ಸೌದಿಯಲ್ಲಿ ಒಂಬತ್ತು ವರ್ಷ ಎಸಿ ರಿಪೇರಿ ಮಾಡಿದವನು ಊರಿಗೆ ಬಂದು ಭಾವನ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದಾನೆ. ಲೆಕ್ಕ ಅಂದರೆ ತಲೆನೋವು ಎನ್ನುವ ಹುಡುಗನನ್ನು ಮಾವನ ಹಾರ್ಡ್‌ವೇರ್ ಅಂಗಡಿಯ ಗಲ್ಲಾದಲ್ಲಿ ಕೂರಿಸಿದ್ದಾರೆ. ಬಿ.ಕಾಂ. ಮುಗಿಸಿ ಟ್ಯಾಲಿ ಕಲಿತ ಮಗಳು ಮನೆಯಲ್ಲಿದ್ದಾಳೆ. ಅದೇ ಮನೆಯ ವ್ಯಾಪಾರದ ಲೆಕ್ಕ ಬರೆಯಲು ತಿಂಗಳು ತಿಂಗಳು ಹೊರಗಿನವರಿಗೆ ದುಡ್ಡು ಹೋಗುತ್ತಿದೆ. ಬಂದರಿನಿಂದ ಬಿ.ಸಿ.ರೋಡಿನವರೆಗೆ, ಉಳ್ಳಾಲದಿಂದ ಉಪ್ಪಿನಂಗಡಿಯವರೆಗೆ ಇಂತಹ ಉದಾಹರಣೆಗಳಿಗೆ ಬರವಿಲ್ಲ. ಇದನ್ನು ಓದುವಾಗ ನಿಮ್ಮದೇ ಕುಟುಂಬದ ಯಾರದೋ ಮುಖ ನೆನಪಿಗೆ ಬಂದಿರಬಹುದು.

ನಮ್ಮದು ವ್ಯಾಪಾರವನ್ನೇ ನಂಬಿ ಬೆಳೆದ ಸಮುದಾಯ. ಅಂಗಡಿಗೆ ಆಳು ಬೇಕೆಂದರೆ ಮೊದಲು ಕೇಳುವುದು ‘ಯಾರ ಮಗ?’ ಎಂದು. ‘ಏನು ಗೊತ್ತು?’ ಎಂಬ ಪ್ರಶ್ನೆ ಆಮೇಲೆ. ಎಷ್ಟೋ ಸಲ ಅದು ಬರುವುದೇ ಇಲ್ಲ. ಇದರಲ್ಲಿ ಒಳ್ಳೆಯದೂ ಇದೆ. ಕಷ್ಟದಲ್ಲಿರುವ ಸಂಬಂಧಿಕರ ಮನೆಯ ಒಲೆ ಉರಿಯುತ್ತದೆ, ಗಲ್ಲಾದ ದುಡ್ಡಿಗೆ ಭಯವಿಲ್ಲ. ಆದರೆ ನಂಬಿಕೆಯೊಂದರಿಂದಲೇ ಕೆಲಸ ನಡೆಯುವುದಿಲ್ಲ.

ಮದ್‌ಯನ್‌ನಲ್ಲಿ ಕುರಿಗಳಿಗೆ ನೀರು ಕುಡಿಸಲು ನೆರವಾದ ಪ್ರವಾದಿ ಮೂಸಾ(ಅ) ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತೆ ಆ ಮನೆಯ ಮಗಳು ತಂದೆಗೆ ಸಲಹೆ ಕೊಟ್ಟ ಪ್ರಸಂಗ ಕುರ್‌ಆನ್‌ನಲ್ಲಿದೆ. ಆಕೆ ಎತ್ತಿ ಹೇಳುವುದು ಎರಡು ಗುಣಗಳನ್ನು: ಶಕ್ತಿ ಮತ್ತು ವಿಶ್ವಾಸಾರ್ಹತೆ. ಮೂಸಾ(ಅ) ಅಲ್ಲಿಗೆ ಯಾರ ಪರಿಚಯವೂ ಇಲ್ಲದ ಪರದೇಶಿ. ಸಂಬಂಧ ನೋಡಿ ಕೊಟ್ಟ ಕೆಲಸ ಅದಲ್ಲ, ಮಾಡಿದ್ದನ್ನು ಕಣ್ಣಾರೆ ಕಂಡು ಕೊಟ್ಟದ್ದು. ನಾವು ಎರಡನೆಯ ಗುಣವನ್ನು ಹಿಡಿದುಕೊಂಡು ಮೊದಲನೆಯದನ್ನು ಬಿಟ್ಟುಬಿಟ್ಟಿದ್ದೇವೆ.

ಹಾಗೆಂದು ಈ ಪಾಠ ನಮಗೆ ಹೊಸತೂ ಅಲ್ಲ. ಗಲ್ಫ್‌ಗೆ ಹೊರಟ ನಮ್ಮವರು ಮುಂಬೈಯಲ್ಲಿ ‘ಟ್ರೇಡ್ ಟೆಸ್ಟ್’ ಕೊಟ್ಟವರು. ವೆಲ್ಡರ್ ಆದರೆ ಎದುರಿಗೇ ವೆಲ್ಡ್ ಮಾಡಿ ತೋರಿಸಬೇಕು, ಎಲೆಕ್ಟ್ರಿಷಿಯನ್ ಆದರೆ ವೈರಿಂಗ್ ಮಾಡಿ ತೋರಿಸಬೇಕು. ಅಲ್ಲಿ ಬಾಪ ಯಾರು, ಜಮಾಅತ್ ಯಾವುದು ಎಂದು ಯಾರೂ ಕೇಳಲಿಲ್ಲ. 2011ರಲ್ಲಿ ಸೌದಿ ಅರೇಬಿಯ ನಿತಾಖತ್ ತಂದ ಮೇಲೆ ಊರಿಗೆ ಮರಳಿದವರಲ್ಲಿ ಇಂತಹ ನುರಿತ ಕೈಗಳು ಎಷ್ಟೋ ಇದ್ದವು. ಅವರಿಗೆ ಕೈಕೆಲಸ ಗೊತ್ತು, ಕೈಯಲ್ಲಿ ಕಾಗದವಿಲ್ಲ. ಓದದೆಯೇ ಕೆಲಸ ಕಲಿತವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಬಂತು. ಅದರ ಸುದ್ದಿ ನಮ್ಮ ಮೊಹಲ್ಲಾಗಳಿಗೆ ಎಷ್ಟು ಮುಟ್ಟಿದೆ?

ಇನ್ನು ಕೆಲಸಕ್ಕೆ ಸೇರಿದವನು ಮನಸ್ಸಿಟ್ಟು ದುಡಿಯುವ ಮಾತು. ‘ಈಗಿನ ಹುಡುಗರು ಒಂದು ಕಡೆ ನಿಲ್ಲುವುದಿಲ್ಲ’ ಎಂಬ ದೂರು ಪ್ರತಿ ಅಂಗಡಿ ಮಾಲಕರ ಬಾಯಲ್ಲಿದೆ. ನಿಲ್ಲಲು ನಾವು ಏನು ಮಾಡಿದ್ದೇವೆ? ಸಂಬಂಧಿಕ ಎಂಬ ಕಾರಣಕ್ಕೆ ಸಂಬಳ ಎಷ್ಟು, ರಜೆ ಯಾವಾಗ ಎಂದು ಮಾತೇ ಆಡಿರುವುದಿಲ್ಲ. ಬೆಳಗ್ಗೆ ಶಟರ್ ಎತ್ತಿದವನೇ ರಾತ್ರಿ ಶಟರ್ ಇಳಿಸಬೇಕು. ಗಿರಾಕಿಗಳ ಎದುರೇ ಬೈಗುಳ. ಬಾಯಿ ಬಿಟ್ಟು ಕೇಳಿದರೆ ‘ಮನೆಯವನಂತೆ ನೋಡಿಕೊಂಡರೂ ಹೀಗೆ’ ಎಂಬ ಮಾತು ಊರಿಡೀ ಹರಡುತ್ತದೆ.

ಬೆವರು ಆರುವ ಮುಂಚೆ ಕೂಲಿ ಕೊಡಬೇಕೆಂಬುದನ್ನು ಮದ್ರಸದಲ್ಲೇ ಕಲಿತವರು ನಾವು. ಗಲ್ಫ್‌ನ ಕಂಪೆನಿ ಬಿಡುವಾಗ ‘ಸರ್ವಿಸ್ ಮನಿ’ಯನ್ನು ರಿಯಾಲ್ ರಿಯಾಲ್ ಲೆಕ್ಕ ಹಾಕಿ ತೆಗೆದುಕೊಂಡವರೂ ನಾವೇ. ಅದೇ ದುಡ್ಡಿನಿಂದ ಊರಲ್ಲಿ ಅಂಗಡಿ ಇಟ್ಟ ಮೇಲೆ ಗ್ರಾಚ್ಯುಟಿ ಎಂದರೆ ಮುಖ ತಿರುಗಿಸುತ್ತೇವೆ. 10 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಅಂಗಡಿಯಲ್ಲಿ 5 ವರ್ಷ ಪೂರೈಸಿದ ನೌಕರನಿಗೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಗ್ರಾಚ್ಯುಟಿ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಅದು ಧಣಿಯ ಔದಾರ್ಯವಲ್ಲ, ದುಡಿದವನ ಹಕ್ಕು. ರಂಝಾನ್‌ನಲ್ಲಿ ಕೊಡುವ ಕಿಟ್ ಅದಕ್ಕೆ ಬದಲಿಯಾಗದು.

ದೊಡ್ಡ ಯೋಜನೆಯೇನೂ ಬೇಡ. ಹೊಸಬನನ್ನು ಸೇರಿಸಿದ ಮೂರು ತಿಂಗಳಲ್ಲಿ ಗೋದಾಮು, ಮಾರಾಟ, ಲೆಕ್ಕ ಮೂರೂ ಕಡೆ ನಿಲ್ಲಿಸಿ ನೋಡಿ. ಎಲ್ಲಿ ಅವನ ಕೈ ಓಡುತ್ತದೋ ಅಲ್ಲಿ ಬಿಡಿ. ಸಂಬಳ, ರಜೆ, ವರ್ಷಕ್ಕೆ ಎಷ್ಟು ಏರಿಕೆ ಎಂಬುದನ್ನು ಒಂದು ಕಾಗದದಲ್ಲಿ ಬರೆದುಕೊಡಿ, ಅವನು ತಮ್ಮನ ಮಗನೇ ಆಗಿದ್ದರೂ ಸರಿ. ತಪ್ಪಿದರೆ ಒಳಗೆ ಕರೆದು ಹೇಳಿ, ಒಳ್ಳೆಯದು ಮಾಡಿದರೆ ಎಲ್ಲರೆದುರು ಹೇಳಿ. ಎಸ್ಸೆಸ್ಸೆಲ್ಸಿ ಮುಗಿಸಿದ ಮಗನಿಗೆ ಯಂತ್ರದ ಹುಚ್ಚಿದ್ದರೆ ಐಟಿಐಗೆ ಕಳುಹಿಸಲು ನಾಚಬೇಡಿ.

ಜಮಾಅತ್ ಕಮಿಟಿಗಳಿಗೂ ಒಂದು ಮಾತು. ಚಂದಾ ಕೊಡುವವರ ಪಟ್ಟಿ, ನೆರವು ಬೇಕಾದವರ ಪಟ್ಟಿ ಎಲ್ಲ ಮಸೀದಿಗಳಲ್ಲೂ ಇದೆ. ಅದರ ಜೊತೆಗೆ ಇನ್ನೊಂದು ಪುಸ್ತಕ ಇಡಿ. ಯಾರಿಗೆ ಯಾವ ಕೆಲಸ ಗೊತ್ತು, ಎಷ್ಟು ವರ್ಷದ ಅನುಭವ, ಯಾವ ಅಂಗಡಿಗೆ ಎಂತಹ ಆಳು ಬೇಕು, ಇಷ್ಟು ಬರೆದಿಟ್ಟರೆ ಸಾಕು. ಅದರಲ್ಲಿ ಕಲಿತ ಹೆಣ್ಣುಮಕ್ಕಳ ಹೆಸರೂ ಇರಲಿ. ಎಸಿ ರಿಪೇರಿಯವನನ್ನು ಹುಡುಕಿ ಮಂಗಳೂರಿಡೀ ಫೋನ್ ಮಾಡುವ ಮಾಲಕನಿಗೆ, ಪಕ್ಕದ ಅಂಗಡಿಯಲ್ಲಿ ಸೀರೆ ಮಡಚುತ್ತಿರುವವನೇ ಅವನು ಎಂಬುದು ಆಗಲಾದರೂ ತಿಳಿದೀತು.