ಜೂನ್ 16ರಂದು ಶಾಲೆಗಳು ತೆರೆದಿರಲಿ

ದಕ್ಷಿಣ ಆಫ್ರಿಕಾದಲ್ಲಿ ಜೂನ್ 16 ಯುವಜನ ದಿನ. ವರ್ಣಭೇದದ ಆಳ್ವಿಕೆ ಕೊನೆಗೊಂಡ ಮೇಲೆ ಬಂದ ಸರ್ಕಾರ ಅದನ್ನು ರಾಷ್ಟ್ರೀಯ ರಜೆ ಮಾಡಿತು. ಅಂದು ಶಾಲೆ, ಕಚೇರಿ, ಬ್ಯಾಂಕುಗಳಿಗೆ ಬಿಡುವು. ನಾಯಕರ ಭಾಷಣ, ಪಕ್ಷಗಳ ಸಭೆ. ದಿನದ ಮೂಲ ಅರ್ಥವೇ ಕರಗಿಹೋಗಿದೆ ಎಂಬ ಅಸಮಾಧಾನ ಅಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ನಾನು ಆ ಅಸಮಾಧಾನದ ಪರ. ಶಾಲೆಗಳ ಮಟ್ಟಿಗಾದರೂ ಈ ರಜೆ ರದ್ದಾಗಬೇಕು.

1976ರ ಜೂನ್ 16ರ ಬೆಳಿಗ್ಗೆ ಕಪ್ಪು ಜನರ ಬಡಾವಣೆಯಾದ ಸೊವೆಟೊದ ಮಕ್ಕಳು ಬೀದಿಗಿಳಿದದ್ದು ಪಾಠದ ಕಾರಣಕ್ಕೆ. ಗಣಿತ ಮತ್ತು ಸಮಾಜ ವಿಷಯಗಳನ್ನು ಆಫ್ರಿಕಾನ್ಸ್‌ನಲ್ಲೇ ಕಲಿಯಬೇಕೆಂದು ಸರ್ಕಾರ ಹೇರಿತ್ತು. ಮನೆಯಲ್ಲಿ ಜುಲು, ಸೊಥೊ ಮಾತಾಡುವ ಮಕ್ಕಳಿಗೆ ಅದು ದೊರೆಗಳ ನುಡಿ. ಎಷ್ಟೋ ಮೇಷ್ಟರುಗಳಿಗೂ ಅದು ಸರಿಯಾಗಿ ಬರುತ್ತಿರಲಿಲ್ಲ. ಬಿಳಿಯರ ಮಗುವಿನ ಓದಿಗೆ ವರ್ಷಕ್ಕೆ 644 ರ‍್ಯಾಂಡ್ ಖರ್ಚು ಮಾಡುತ್ತಿದ್ದ ಸರ್ಕಾರ ಕಪ್ಪು ಮಗುವಿಗೆ ಕೊಡುತ್ತಿದ್ದದ್ದು 42. ಸಮವಸ್ತ್ರ ತೊಟ್ಟು ಮೆರವಣಿಗೆ ಹೊರಟವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಗುಂಡೇಟು ತಿಂದ ಬಾಲಕ ಹೆಕ್ಟರ್ ಪೀಟರ್ಸನ್‌ನನ್ನು ಇನ್ನೊಬ್ಬ ಹುಡುಗ ಎತ್ತಿಕೊಂಡು ಓಡುತ್ತಿದ್ದಾನೆ, ಪಕ್ಕದಲ್ಲಿ ಅಕ್ಕ ಅಳುತ್ತ ಓಡುತ್ತಿದ್ದಾಳೆ. ಸ್ಯಾಮ್ ನ್ಜಿಮಾ ತೆಗೆದ ಆ ಚಿತ್ರವನ್ನು ಜಗತ್ತೇ ನೋಡಿತು. ಪ್ರತಿಭಟನೆ ದೇಶವೆಲ್ಲ ಹಬ್ಬಿತು. ಆ ಸರ್ಕಾರವೇ ನೇಮಿಸಿದ ಸಿಲಿಯೆ ಆಯೋಗ ಮುಂದಿನ ಫೆಬ್ರವರಿವರೆಗೆ 575 ಸಾವುಗಳನ್ನು ಲೆಕ್ಕ ಹಾಕಿತು.

ಇಂಥ ದಿನವನ್ನು ಒಟ್ಟು ಯುವಜನರ ಹಬ್ಬವಾಗಿ ಹಿಗ್ಗಿಸಿದರೆ ಅಧಿಕಾರದಲ್ಲಿದ್ದವರಿಗೆ ಅನುಕೂಲ. ಕೌಶಲ, ನಾಯಕತ್ವ, ಉದ್ಯಮಶೀಲತೆ ಎಂದು ಮಾತು ಮುಗಿಸಿ ಇಳಿಯಬಹುದು. ನಮ್ಮ ತರಗತಿಯಲ್ಲಿ ಏನು ನಡೆಯುತ್ತಿದೆ ಎಂಬ ಆ ಮಕ್ಕಳ ಪ್ರಶ್ನೆಗೆ ಉತ್ತರ ಕೊಡಬೇಕಾಗುವುದಿಲ್ಲ. 2021ರಲ್ಲಿ ನಡೆದ ಅಂತರರಾಷ್ಟ್ರೀಯ ಓದು ಪರೀಕ್ಷೆಯ ಪ್ರಕಾರ ಅಲ್ಲಿನ ನಾಲ್ಕನೇ ತರಗತಿಯ ಶೇ 81ರಷ್ಟು ಮಕ್ಕಳಿಗೆ ಯಾವ ಭಾಷೆಯಲ್ಲೂ ಅರ್ಥ ಮಾಡಿಕೊಂಡು ಓದಲು ಬರುತ್ತಿರಲಿಲ್ಲ. ಅಲ್ಲಿನ ಬಹುಪಾಲು ಕಪ್ಪು ಮಕ್ಕಳು ಮೂರನೇ ತರಗತಿವರೆಗೆ ತಾಯ್ನುಡಿಯಲ್ಲಿ ಕಲಿತು ನಾಲ್ಕಕ್ಕೆ ಏಕಾಏಕಿ ಇಂಗ್ಲಿಷಿಗೆ ಬೀಳುತ್ತಿದ್ದರು. ಈ ಪದ್ಧತಿ ಬದಲಿಸುವ ಕೆಲಸವನ್ನು ನಾಲ್ಕನೇ ತರಗತಿಯಲ್ಲಿ ಶುರುಮಾಡಿದ್ದು 2025ರಲ್ಲಿ. 1976ರ ವಿದ್ಯಾರ್ಥಿಗಳಲ್ಲಿ ಅನೇಕರು ಆಫ್ರಿಕಾನ್ಸ್‌ಗಿಂತ ಇಂಗ್ಲಿಷೇ ಮೇಲೆಂದಿದ್ದರು, ನಿಜ. ಆದರೆ ಅರ್ಥವಾಗದ ಪಾಠವನ್ನು ಉರುಹೊಡೆಯಲಾರೆವು ಎಂಬುದು ಅವರ ಸಿಟ್ಟಿನ ತಿರುಳಾಗಿತ್ತು. ಕನ್ನಡ ಮಾಧ್ಯಮದಿಂದ ಕಾಲೇಜಿಗೆ ಹೋಗಿ ಮೊದಲ ವರ್ಷ ಕಂಗಾಲಾದವರಿಗೆ ಆ ಸಿಟ್ಟು ಗೊತ್ತು.

ಪಾಠದ ಮಾತು ಹಾಗಿರಲಿ, ಶಾಲೆಗೆ ಹೋದ ಮಗುವಿನ ಜೀವಕ್ಕೂ ಭದ್ರತೆಯಿರಲಿಲ್ಲ. 2014ರಲ್ಲಿ ಲಿಂಪೊಪೊ ಪ್ರಾಂತ್ಯದ ಶಾಲೆಯೊಂದರಲ್ಲಿ 5 ವರ್ಷದ ಬಾಲಕ ಗುಂಡಿ ಪಾಯಿಖಾನೆಯೊಳಗೆ ಬಿದ್ದು ಸತ್ತ. ಪ್ರಜಾಪ್ರಭುತ್ವ ಬಂದು ಆಗಲೇ 20 ವರ್ಷ. ಪರಿಹಾರಕ್ಕಾಗಿ ಹೆತ್ತವರು ಮೇಲ್ಮನವಿ ನ್ಯಾಯಾಲಯದವರೆಗೆ ಹೋಗಬೇಕಾಯಿತು. ಇದನ್ನು ಓದಿದ ಮೇಲೆ ಯುವಜನ ದಿನದ ಯಾವ ವೇದಿಕೆಯೂ ನನ್ನ ಕಣ್ಣಿಗೆ ಹಿಡಿಸುವುದಿಲ್ಲ.

ರಜೆ ಹೋದರೆ ನೆನಪೂ ಹೋಗುತ್ತದೆ ಎಂಬ ವಾದವಿದೆ. ಕಾರ್ಮಿಕರ ರಜೆಯನ್ನು ಕಿತ್ತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಅಂದು ಸತ್ತವರ ಸಮಾಧಿಗಳ ಬಳಿ ಹೋಗಿ ಬರಲು ಅವರಿಗೆ ಆ ದಿನ ಬೇಕು. ಆದರೆ ಮಕ್ಕಳು ಮನೆಯಲ್ಲಿ ಕೂತರೆ ನೆನಪು ಉಳಿಯುವುದು ಹೇಗೆ? ಅಂದು ಮೆರವಣಿಗೆಯಲ್ಲಿ ನಡೆದವರಿಗೆ ಈಗ 60 ದಾಟಿದೆ. ಅವರು ತರಗತಿಗೆ ಬಂದು ಮಾತಾಡಲಿ, ಮಕ್ಕಳು ಪ್ರಶ್ನೆ ಕೇಳಲಿ. ಶಿಕ್ಷಣ ಸಚಿವರು ಕ್ರೀಡಾಂಗಣದ ಸಭೆ ಬಿಟ್ಟು ಹಳ್ಳಿಯ ಒಂದು ಶಾಲೆಗೆ ಹೋಗಲಿ. ಗುಂಡಿ ಪಾಯಿಖಾನೆಗಳು ಇನ್ನೆಷ್ಟು ಉಳಿದಿವೆ, ಓದಲು ಬಾರದ ಮಕ್ಕಳ ಸಂಖ್ಯೆ ಕಳೆದ ವರ್ಷಕ್ಕಿಂತ ಎಷ್ಟು ಇಳಿದಿದೆ ಎಂದು ಆ ಮಕ್ಕಳ ಎದುರೇ ನಿಂತು ಓದಿ ಹೇಳಲಿ.