ಶಬ್ದಾತೀತ ವಿಮಾನಯಾನ: ಮುಗಿದ ಅಧ್ಯಾಯವೇ, ಮರಳುವ ಕನಸೇ?

ಬ್ರಿಟಿಷ್ ಏರ್‌ವೇಸ್‌ನ ಕಾಂಕಾರ್ಡ್ ವಿಮಾನವು ತನ್ನ ಕೊನೆಯ ವಾಣಿಜ್ಯ ಹಾರಾಟವನ್ನು ಮುಗಿಸಿದ್ದು 2003ರ ಅಕ್ಟೋಬರ್ 24ರಂದು. ಅಂದಿನಿಂದ ಶಬ್ದಕ್ಕಿಂತ ವೇಗವಾಗಿ ಹಾರುವ ಪ್ರಯಾಣಿಕ ವಿಮಾನಸೇವೆ ಲೋಕದಲ್ಲೆಲ್ಲೂ ಇಲ್ಲ. ಲಂಡನ್ನಿನಿಂದ ನ್ಯೂಯಾರ್ಕಿಗೆ ಸುಮಾರು ಮೂರೂವರೆ ಗಂಟೆಯಲ್ಲಿ ತಲುಪಿಸುತ್ತಿದ್ದ ಈ ಸಾಧನೆ ಹಿಂದೆ ಸರಿದದ್ದೇಕೆ?

2000ದ ಜುಲೈ 25ರಂದು ಪ್ಯಾರಿಸ್ ಬಳಿ 113 ಜನರನ್ನು ಬಲಿ ತೆಗೆದುಕೊಂಡ ದುರಂತವೇ ಕಾರಣವೆಂದು ಅನೇಕರು ಭಾವಿಸುತ್ತಾರೆ. ಆದರೆ 2001ರ ನವೆಂಬರಿನಲ್ಲಿ ಸೇವೆ ಮತ್ತೆ ಆರಂಭವಾಗಿತ್ತು. ನಿಜವಾದ ಕಾರಣಗಳು ಇನ್ನೂ ಹಳೆಯವು. ಕಾಂಕಾರ್ಡ್‌ನಲ್ಲಿ ಆಸನಗಳು ಸುಮಾರು 100. ತುಂಬಿದ ಇಂಧನ ಸುಮಾರು 95 ಟನ್. ಅಂದರೆ ಆಸನವೊಂದಕ್ಕೆ ಹತ್ತಿರ ಹತ್ತಿರ ಒಂದು ಟನ್! 1973ರ ತೈಲ ಬಿಕ್ಕಟ್ಟಿನ ನಂತರ ಈ ಲೆಕ್ಕ ಸರಿದೂಗಲಿಲ್ಲ. ವಿಮಾನಸಂಸ್ಥೆಗಳ ಸೇವೆಗೆ ಬಂದವು ಕೇವಲ 14 ವಿಮಾನಗಳು.

ಎರಡನೆಯ ಅಡ್ಡಿ ಸದ್ದು. ಶಬ್ದದ ವೇಗ ಮೀರಿದ ವಿಮಾನವು ಎಬ್ಬಿಸುವ ಒತ್ತಡದ ಅಲೆಗಳು ಒಂದುಗೂಡಿ ನೆಲಕ್ಕೆ ಸಿಡಿಲಿನಂತೆ ಅಪ್ಪಳಿಸುತ್ತವೆ. 2020ರ ಮೇ 20ರಂದು ವಾಯುಪಡೆಯ ಪರೀಕ್ಷಾ ಹಾರಾಟದಿಂದ ಬೆಂಗಳೂರಿಗರು ಬೆಚ್ಚಿಬಿದ್ದದ್ದು ಇಂಥ ಸದ್ದಿಗೇ. ಅಮೆರಿಕವು 1973ರಲ್ಲೇ ನೆಲದ ಮೇಲೆ ಇಂತಹ ನಾಗರಿಕ ಹಾರಾಟವನ್ನು ನಿಷೇಧಿಸಿತು. ಹೀಗೆ ಕಾಂಕಾರ್ಡ್‌ಗೆ ಉಳಿದದ್ದು ಸಮುದ್ರಮಾರ್ಗ ಮಾತ್ರ.

ಈಗ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿದೆ. ಬೂಮ್ ಸಂಸ್ಥೆಯ ಎಕ್ಸ್‌ಬಿ-1 ಪ್ರಯೋಗ ವಿಮಾನವು 2025ರ ಜನವರಿ 28ರಂದು ಶಬ್ದದ ವೇಗವನ್ನು ದಾಟಿತು. ಅದೇ ವರ್ಷದ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷರು ಹಳೆಯ ನಿಷೇಧವನ್ನು ತೆಗೆಯುವಂತೆ ಆದೇಶಿಸಿದರು. ಸದ್ದನ್ನು ತಗ್ಗಿಸಲೆಂದೇ ನಾಸಾ ರೂಪಿಸಿದ ಎಕ್ಸ್-59 ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಹಾರಿತು. ಆದರೆ ಇದೇ ಕನಸು ಹೊತ್ತಿದ್ದ ಏರಿಯನ್ ಸಂಸ್ಥೆ ಹಣ ಸಾಲದೆ 2021ರಲ್ಲಿ ಬಾಗಿಲು ಮುಚ್ಚಿದ್ದನ್ನೂ ಮರೆಯಲಾಗದು.

ಸದ್ದನ್ನು ವಿನ್ಯಾಸದಿಂದ ತಗ್ಗಿಸಬಹುದು. ಇಂಧನದ ಹಸಿವನ್ನು ಅಷ್ಟು ಸುಲಭವಾಗಿ ತಗ್ಗಿಸಲಾಗದು ಎಂಬುದು ನಮ್ಮ ಅಭಿಪ್ರಾಯ. ಮಕ್ಕಳು ವಿದೇಶದಲ್ಲಿರುವ ನಮ್ಮ ಕುಟುಂಬಗಳಿಗೆ ವೇಗದ ಪಯಣ ಬೇಡವೆಂದಲ್ಲ. ಆದರೆ ಆ ಟಿಕೆಟ್ಟು ಕೆಲವರ ಕೈಗಷ್ಟೇ ಎಟಕುವಂಥದು. ಸದ್ದು ಮಾತ್ರ ವಿಮಾನವನ್ನೇ ಹತ್ತದವರ ಮನೆಯ ಮೇಲೂ ಬೀಳುತ್ತದೆ. ಅಂತಹ ವಿಮಾನಗಳು ನಮ್ಮ ಬಾನಿಗೆ ಬರುವ ಮೊದಲೇ ಸದ್ದಿನ ಮಿತಿಯನ್ನು ಭಾರತವು ತಾನೇ ನಿರ್ಧರಿಸಬೇಕು. ವಿಮಾನ ಬಂದಿಳಿದ ಮೇಲೆ ನಿಯಮ ಹುಡುಕುವುದು ಜಾಣತನವಲ್ಲ.